ಶುಕ್ರವಾರ ಹೊರಟ ಮಗ್ಗಗಳು

ಇಂಡೋನೇಷ್ಯಾದ ಪೆಕಲೊಂಗನ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಸಾರ್ಜೆಂಟ್ ಪೈಮಿನ್ ಪೆನ್ನು ಎತ್ತಿದ.

"ಏನು ಕಳವಾಗಿದೆ ಅಂದ್ರಿ?"

"ಕಾರ್ಖಾನೆ."

"ಇಡೀ ಕಾರ್ಖಾನೇನಾ, ಪಕ್?" 'ಯಜಮಾನರೇ' ಎನ್ನುವ ಆ ಗೌರವದ ಮಾತಿನಲ್ಲೂ ನಗು ಇತ್ತು.

"ಗೋಡೆ ಇದೆ, ಛಾವಣಿ ಇದೆ. ಒಳಗೆ ಒಂದು ಮಗ್ಗವೂ ಇಲ್ಲ. ಹಲ್ಲು ಬಿಡಬೇಡ, ಬರಿ!"

ದಿನಾಂಕ ೧೯ ಆಗಸ್ಟ್ ೧೯೯೧, ಸೋಮವಾರ. ದೂರುದಾರ ಹೆರ್ಲಂಬಾಂಗ್, ಜಕಾರ್ತಾದ ಜನರಲ್ ಒಬ್ಬರ ಅಳಿಯ. ಒಳಕೋಣೆಯಲ್ಲಿದ್ದ ತನಿಖಾಧಿಕಾರಿ ಲೆಫ್ಟಿನೆಂಟ್ ವಿರಾತ್ಮೊಗೆ ಆ ಹೆಸರು ಕೇಳಿಯೇ ಕಾಫಿ ಕಹಿಯಾಯಿತು. ವ್ಯಾಪಾರವನ್ನೆಲ್ಲ ಮುಕ್ತಗೊಳಿಸಿದ್ದೇವೆ ಎಂದು ಸರ್ಕಾರ ರೇಡಿಯೋದಲ್ಲಿ ಸಾರಿದ ಮೇಲೆ, ನೂಲು ಆಮದು ಮಾಡುವ ಪರವಾನಗಿ ಸಿಕ್ಕಿದ್ದು ಇವನೊಬ್ಬನಿಗೆ. ಕಾರ್ಖಾನೆಯನ್ನು ಮಗ್ಗಗಳ ಸಮೇತ ಅವನ ಹೆಸರಿಗೆ ಬರೆದುಕೊಟ್ಟವರಿಗೆ ನೂಲು, ಕೊಡದವರಿಗೆ ಬೀಗ. ಊರಿನಲ್ಲಿ ಸರೊಂಗು ಎಂಬ ಲುಂಗಿ ನೇಯಿಸುವ ಕಾರ್ಖಾನೆಗಳ ಮಾಲೀಕರೆಲ್ಲ ಒಬ್ಬೊಬ್ಬರಾಗಿ ಬರೆದುಕೊಟ್ಟಿದ್ದರು. ಕೊನೆಯವರು ಅರಬರ ಓಣಿಯ ವಿಧವೆ, ಊರೆಲ್ಲ 'ಬು', ಅಂದರೆ ಅಮ್ಮ, ಎಂದು ಕರೆಯುವ ಬು ರುಕಾಯಾ. ಅವರ ಸಹಿ ಬಿದ್ದದ್ದು ಶನಿವಾರ, ಸ್ವಾತಂತ್ರ್ಯ ದಿನದ ಸಂಜೆ, ಹೋಟೆಲಿನ ಔತಣದಲ್ಲಿ.

ಪ್ರಕರಣ ದಾಖಲಾಯಿತು. ಹತ್ತೂವರೆಗೆ ವಿರಾತ್ಮೊ ಮತ್ತು ಪೈಮಿನ್ ಬು ರುಕಾಯಾರ ಆ ಕಾರ್ಖಾನೆಗೆ ಸ್ಥಳ ಮಹಜರಿಗೆ ಹೋದರು. ಬೀಗ ಒಡೆದಿರಲಿಲ್ಲ. ಮಗ್ಗಗಳ ಕಾಲು ಊರಿದ್ದ ಜಾಗದಲ್ಲಿ ನೆಲ ಸವೆದು ಗುಳಿ ಬಿದ್ದಿತ್ತು. ಗುಳಿಗಳ ಸುತ್ತ ಅಚ್ಚುಕಟ್ಟಾಗಿ ಗುಡಿಸಲಾಗಿತ್ತು.

"ಕದ್ದು ಗುಡಿಸಿ ಹೋಗೋ ಕಳ್ಳರನ್ನ ಇವತ್ತೇ ನೋಡಿದ್ದು ಲೆಫ್ಟಿನೆಂಟ್," ಎಂದ ಪೈಮಿನ್.

ಗೇಟಿನ ಎದುರಿನ ಸೈಕಲ್ ರಿಕ್ಷಾ ನಿಲ್ದಾಣದಲ್ಲಿ ದುಲ್ಕಮಿತ್ ಎಂಬುವನು ಕಾಲು ಚಾಚಿ ಮಲಗಿದ್ದ. ವಿರಾತ್ಮೊ ಅವನನ್ನು ಎಬ್ಬಿಸಿದ.

"ಇಲ್ಲಿಂದ ಏನು ಸಾಗಿಸಿದೆ?"

"ಮರ, ಪಕ್."

"ಯಾವ ಮರ?"

"ಬಿಚ್ಚಿಟ್ಟ ಮರ. ನಾನೊಬ್ನೇ ಅಲ್ಲ, ಊರಿನ ರಿಕ್ಷಾಗಳೆಲ್ಲ ಬಂದಿದ್ವು. ನೂಲಿನ ಮೂಟೆನೂ ಇತ್ತು."

"ಯಾವತ್ತು?"

"ಶುಕ್ರವಾರ, ನಮಾಜು ಬಿಟ್ಟ ಮೇಲೆ. ಹಾಡಹಗಲು. ನಿಮ್ಮ ಟ್ರಾಫಿಕ್ ಪೇದೆನೇ ನಿಂತು ದಾರಿ ಬಿಡಿಸಿಕೊಟ್ಟ."

"ಸಾಗಿಸಿದ್ದು ಎಲ್ಲಿಗೆ?"

ಅವನು ನಕ್ಕ. "ಕರಂಗ್‌ಸಾರಿ ಕೇರಿ ಕಡೆ ಹೋಗಿ. ಕಿವಿ ಇದ್ರೆ ಸಾಕು."

ನಿಜವೇ. ಸೇತುವೆ ದಾಟುವ ಮೊದಲೇ ಕೇಳಿಸಿತು. ಕೇರಿಯ ಮನೆಮನೆಯಲ್ಲೂ ಲಾಳಿ ಓಡುತ್ತಿತ್ತು. ಜೀಪು ಕಂಡರೆ ಸದ್ದು ನಿಲ್ಲಬಹುದು ಎಂದುಕೊಂಡಿದ್ದ ವಿರಾತ್ಮೊ. ಸದ್ದು ಇನ್ನೂ ಜೋರಾಯಿತು. ಮೊದಲ ಮನೆಯಲ್ಲಿ ಮಂಚವನ್ನು ಅಂಗಳಕ್ಕೆ ನೂಕಿ, ಆ ಜಾಗದಲ್ಲಿ ಮಗ್ಗ ಹೂಡಿದ್ದರು. ನೇಯುತ್ತಿದ್ದವಳ ಹೆಸರು ತರ್ವಿ.

"ಈ ಮಗ್ಗ ಯಾರದು?"

"ಕೂತು ನೇಯೋರದು."

"ತಮಾಷೆ ಬೇಡ. ಯಾರು ಕೊಟ್ರು?"

"ಬು ಕೊಟ್ರು. ಹದಿನಾಲ್ಕನೇ ವಯಸ್ಸಿಗೆ ಇದರ ಮುಂದೆ ಕೂತವಳು ನಾನು. ನೀವು ಎತ್ಕೊಂಡು ಹೋಗೋದಾದ್ರೆ ನನ್ನನ್ನೂ ಕೂತಲ್ಲೇ ಎತ್ಕೊಂಡು ಹೋಗಿ. ಹಾಸು ಹಾಕಿ ಆಗಿದೆ, ಈಗ ಏಳೋಕಾಗಲ್ಲ." ತಲೆ ಎತ್ತದೆ ಅವಳು ಲಾಳಿ ಹೊಡೆದಳು.

ವಿರಾತ್ಮೊ ಹೊರಬಂದು ಅಂಗಳದ ಮಂಚದ ಮೇಲೆ ಕೂತ. ಬು ರುಕಾಯಾ ಶುಕ್ರವಾರ ಕೊಟ್ಟಿದ್ದಾರೆ, ಶನಿವಾರ ಸಹಿ ಹಾಕಿದ್ದಾರೆ. ಕೊಟ್ಟ ದಿನ ಮಗ್ಗಗಳು ಇನ್ನೂ ಅವರ ಸ್ವಂತದವು. ಹಾಗಾದರೆ ನೇಕಾರ್ತಿಯರ ಮನೆಯಲ್ಲಿರುವುದು ಕಳವಿನ ಮಾಲಲ್ಲ. ಇಲ್ಲದ ಮಗ್ಗಗಳನ್ನು ಇವೆ ಎಂದು ಬರೆದುಕೊಟ್ಟ ವಂಚನೆ ಮಾತ್ರ ಉಳಿಯುತ್ತದೆ. ಅದರ ಆರೋಪಿ ಒಬ್ಬರೇ.

ಠಾಣೆಗೆ ಮರಳಿದಾಗ ಮೇಲಧಿಕಾರಿ ಮೇಜರ್ ಸುಂಗ್ಕೊನೊ ಬಾಗಿಲಲ್ಲೇ ನಿಂತಿದ್ದರು. ಜಕಾರ್ತಾದಿಂದ ಫೋನು ಬಂದಿತ್ತು.

"ಮಗ್ಗ ಜಪ್ತಿ ಮಾಡು. ಹೆಂಗಸರನ್ನ ಕರ್ಕೊಂಡು ಬಾ. ಸಾಗಿಸಿದ್ದು ಭಾನುವಾರ ಅಂತ ಬರಿ."

"ಶುಕ್ರವಾರ ಸಾಗಿಸಿದ್ದು, ಮೇಜರ್."

"ಎರಡು ದಿನದ ವ್ಯತ್ಯಾಸ ಕಣಯ್ಯಾ."

"ಆ ಎರಡು ದಿನದಲ್ಲಿ ಒಂದು ಕೇರಿ ಜೈಲಿಗೆ ಹೋಗುತ್ತೆ."

"ತಿಮೋರ್‌ನಲ್ಲಿ ಲೆಫ್ಟಿನೆಂಟ್‌ಗಳು ಕಡಿಮೆ ಇದ್ದಾರಂತೆ. ಗೊತ್ತಾ?"

ವಿರಾತ್ಮೊಗೆ ಗೊತ್ತಿತ್ತು. ಅಲ್ಲಿನ ಬಂಡಾಯದಲ್ಲಿ ಅಧಿಕಾರಿಗಳು ಸಾಯುತ್ತಿದ್ದರು. ಹೆಂಡತಿಗೆ ಏಳು ತಿಂಗಳು. ಆದರೂ ಟೈಪ್‌ರೈಟರ್ ಮುಂದೆ ಕೂತು, ದುಲ್ಕಮಿತನ ಹೇಳಿಕೆಯಲ್ಲಿ 'ಶುಕ್ರವಾರ' ಎಂದೇ ಹೊಡೆದ. ದಾರಿ ಬಿಡಿಸಿದ್ದ ಟ್ರಾಫಿಕ್ ಪೇದೆಯನ್ನೂ ಕರೆಸಿ ಸಾಕ್ಷಿ ಮಾಡಿದ. ಒಂದು ಪ್ರತಿಯನ್ನು ಪೈಮಿನ್ ಕೈಯಲ್ಲಿ ಆಗಲೇ ಸರ್ಕಾರಿ ವಕೀಲರ ಕಚೇರಿಗೆ ಕಳಿಸಿದ. ಇನ್ನೊಂದನ್ನು ಮೇಜರರ ಮೇಜಿನ ಮೇಲಿಟ್ಟು ಸೆಲ್ಯೂಟ್ ಹೊಡೆದ.

ಸಂಜೆ ಐದಕ್ಕೆ ಅರಬರ ಓಣಿ. ಬು ರುಕಾಯಾ ಜಗುಲಿಯಲ್ಲಿ ಚಹಾ ಇಟ್ಟುಕೊಂಡು ಕಾಯುತ್ತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ ಸಿದ್ಧವಾಗಿತ್ತು.

"ತಡವಾಯ್ತಲ್ಲ ನಿಮಗೆ. ಕುಡೀರಿ, ಆರೋಗುತ್ತೆ."

"ಬು, ಮಗ್ಗ ಕೊಟ್ಟಿದ್ದು ನೀವೇನಾ?"

"ನಾನೇ. ಶುಕ್ರವಾರ."

"ಮರುದಿನ ಸಹಿ ಹಾಕುವಾಗ ಹೇಳಲಿಲ್ಲ ಯಾಕೆ?"

"ಅವನು ಕೇಳಲಿಲ್ಲ. ಕಾರ್ಖಾನೆ ಬರೆಸಿಕೊಳ್ಳೋ ಮೊದಲು ಒಂದು ದಿನವೂ ಒಳಗೆ ತಲೆ ಹಾಕಿದ್ದಿಲ್ಲ."

"ಇದು ವಂಚನೆ ಅಂತ ಗೊತ್ತಿತ್ತಾ?"

"ಗೊತ್ತಿದ್ದೇ ಮಾಡಿದ್ದು. ದೊಡ್ಡ ಅಕ್ಷರದಲ್ಲಿ ಬರ್ಕೊಳಿ."

"ನೂಲು ಅವನ ಕೈಯಲ್ಲೇ ಇದೆ. ನೀವು ಕೊಟ್ಟಿದ್ದು ಮುಗಿದ ಮೇಲೆ ಆ ಹೆಂಗಸರು ಏನು ಮಾಡ್ತಾರೆ?"

ಅವರು ಚಹಾದ ಲೋಟ ಕೆಳಗಿಟ್ಟರು. "ಅದು ನನಗೂ ಗೊತ್ತಿಲ್ಲಪ್ಪ. ಹಳೇ ಬಟ್ಟೆ ಬಿಚ್ಚಿ ನೇಯ್ತೀವಿ ಅಂದ್ಲು ತರ್ವಿ. ನೇಯ್ತಾರೆ. ಆದ್ರೆ ಅವನ ಹತ್ರ ಕೈಚಾಚಿ ಕೆಲಸ ಕೇಳಲ್ಲ."

ಐದೂ ನಲವತ್ತಕ್ಕೆ ದಸ್ತಗಿರಿ. ಕೈಕೋಳವನ್ನು ಪೈಮಿನ್ ತಂದಿದ್ದ. ಜೇಬಿನಿಂದ ತೆಗೆಯಲಿಲ್ಲ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಬು ರುಕಾಯಾ ಯಾರ ಕೈಯನ್ನೂ ಹಿಡಿಯದೆ, ಮುಸುಕು ಸರಿಮಾಡಿಕೊಂಡು ಜೀಪು ಹತ್ತಿದರು.

ವಿರಾತ್ಮೊನ ವರ್ಗಾವಣೆಯ ಆದೇಶ ಅದೇ ವಾರ ಬಂತು. ಹೊರಡುವ ಮೊದಲು ಅವನು ಪ್ರಕರಣದ ಕೊನೆಯ ಪುಟ ಮುಗಿಸಿದ. ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ಆರೋಪಿಯ ಮಾತನ್ನು ಹಾಗೆಯೇ ದಾಖಲಿಸಿದ್ದ:

"ಕಳೆದ ತಿಂಗಳ ಇನ್ನೊಂದು ಔತಣದಲ್ಲಿ ಅವನು ಮುಕ್ತ ವ್ಯಾಪಾರದ ಬಗ್ಗೆ ಭಾಷಣ ಮಾಡಿದ. ಕಾರ್ಖಾನೆ ಕಳಕೊಂಡವರು, ಕಳಕೊಳ್ಳಲಿದ್ದ ನಾನು, ಎಲ್ಲ ಸಾಲಾಗಿ ಕೂತಿದ್ದೆವು, ಕೊನೆಯ ಕುರ್ಚಿ ನನ್ನದು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಯಾರೋ ಬಹಳ ಜೋರಾಗಿ ತಟ್ಟುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಿದೆ. ಆ ಪಕ್ಕದಲ್ಲಿ ಯಾರೂ ಇರಲಿಲ್ಲ, ಅಷ್ಟು ಜೋರಾಗಿ ತಟ್ಟುತ್ತಿದ್ದದ್ದು ನನ್ನ ಕೈಗಳೇ."