ಯಾರೂ ಸಾಯದ ಪಿಕ್ಚರ್

“ಇದ್ರಲ್ಲಿ ಯಾರಾದ್ರೂ ಸಾಯ್ತಾರಾ?”

ಯುಗಾದಿಯ ಮ್ಯಾಟಿನಿಗೆ ಬಂದವಳು ಟಿಕೆಟ್ ಕೇಳುವ ಮುಂಚೆ ಹೀಗೆ ಕೇಳಿದಾಗ ತೋಂಟದಾರ್ಯ ನಕ್ಕುಬಿಟ್ಟ. ತುರುವೇಕೆರೆಯ ಆ ತಗಡಿನ ಟಾಕೀಸಿಗೆ ಅವನು ಆರು ವರ್ಷದಿಂದ ಮ್ಯಾನೇಜರು. ಫೈಟಿಂಗ್ ಇದೆಯಾ, ಹಾಡು ಎಷ್ಟು ಎಂದು ಕೇಳುವವರನ್ನು ಕಂಡಿದ್ದ. ಇಂಥ ಪ್ರಶ್ನೆ ಇದೇ ಮೊದಲು.

“ಹೀರೋ ಸತ್ರೆ ನಾಳೆಗೆ ಯಾರ್ ಬತ್ತಾರೆ? ಒಳಗೆ ಹೋಗಿ ಮೇಡಂ.”

ಅವಳು ನಗಲಿಲ್ಲ. ಜೊತೆಗೆ ಬಂದಿದ್ದ ಮುದಿ ತಂದೆಯ ಕೈ ಹಿಡಿದುಕೊಂಡು ಒಳಗೆ ಹೋದಳು.

ಅರ್ಧ ಗಂಟೆಯಾಗುವಷ್ಟರಲ್ಲಿ ಪರದೆಯ ಮೇಲೆ ನಾಯಕಿಯ ತಾಯಿ ಕೆಮ್ಮಿ ಕೆಮ್ಮಿ ಸತ್ತಳು. ಆ ಪ್ರಶ್ನೆ ಕೇಳಿದ್ದವಳು ತಂದೆಯನ್ನು ನಡೆಸಿಕೊಂಡು ಹೊರಗೆ ಬಂದಳು. ಮುದುಕರ ಕಣ್ಣಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು. ಗೇಟಿನ ಹತ್ತಿರ ಅವಳು ಒಮ್ಮೆ ತೋಂಟದಾರ್ಯನನ್ನು ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಗೇಟು ಕಾಯುವ ಖಾಸಿಂ ಸಾಬ್ ಆಮೇಲೆ ವಿಷಯ ಹೇಳಿದ. ಅವರು ತೆಂಗಿನ ತೋಟದ ಸದಾಶಿವಯ್ಯ, ಅವಳು ಮಗಳು ಗಿರಿಜಾಂಬಿಕಾ. ಸಂಕ್ರಾಂತಿ ಕಳೆದ ವಾರವೇ ಅವಳ ತಾಯಿ ಹೋಗಿದ್ದಾರೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಅಕ್ಕಪಕ್ಕದ ಮನೆಗಳಿಂದ ಹೋಳಿಗೆ ಬೇಯುವ ವಾಸನೆ ಬರುವಾಗ ತಂದೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಾರೆ. ಅದನ್ನು ನೋಡಲಾರದೆ ಟಾಕೀಸಿಗೆ ಕರೆತಂದಿದ್ದಳು.

ಆ ದಿನ ತೋಂಟದಾರ್ಯನಿಗೆ ಊಟ ಸೇರಲಿಲ್ಲ. ಮಾರನೆಯ ದಿನ ಸೈಕಲ್ ಹತ್ತಿ ಅವರ ಮನೆಗೆ ಹೋಗಿ ತಪ್ಪಾಯಿತು ಎಂದ. ಗೌರಿ ಹಬ್ಬಕ್ಕೆ ಯಾರೂ ಸಾಯದ ಪಿಕ್ಚರ್ ತರುತ್ತೇನೆ, ಬನ್ನಿ ಎಂದೂ ಹೇಳಿದ. “ಅಂಥದ್ದೂ ಇರ್ತದಾ?” ಎಂದಳು ಗಿರಿಜಾಂಬಿಕಾ.

ಹುಡುಕಲು ಹೊರಟಾಗಲೇ ಅವನಿಗೆ ಅದರ ಕಷ್ಟ ಗೊತ್ತಾದದ್ದು. ಒಬ್ಬ ತಾಯಿಯನ್ನಾದರೂ ಕೊಲ್ಲದೆ ನಮ್ಮವರಿಗೆ ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ಹಂಚಿಕೆದಾರರ ಮಾತನ್ನು ನಂಬದೆ, ತುಮಕೂರಿಗೆ ಬಸ್ಸು ಹತ್ತಿ ಒಂದೊಂದನ್ನೂ ಕೊನೆಯವರೆಗೆ ತಾನೇ ನೋಡಿದ. ಗೌರಿ ಹಬ್ಬಕ್ಕೆ ಎಲ್ಲ ಕಡೆ ತವರಿನ ಕಣ್ಣೀರಿನ ಕಥೆ ಓಡುತ್ತಿದ್ದರೆ ಇಲ್ಲಿ ಇಬ್ಬರು ಪೆದ್ದ ಕಳ್ಳರ ಕಥೆ. ಹೆಂಗಸರು ಅಳದಿದ್ದರೆ ಟಾಕೀಸು ತುಂಬುತ್ತದೇನಯ್ಯಾ ಎಂದು ಮಾಲೀಕ ಮಲ್ಲಿಕಾರ್ಜುನಯ್ಯ ಕೂಗಾಡಿದರು. ತೋಂಟದಾರ್ಯ ತಲೆ ತಗ್ಗಿಸಿ ಕೇಳಿಸಿಕೊಂಡ.

ಹಬ್ಬದ ದಿನ ತಂದೆಯೊಡನೆ ಬಂದಿದ್ದ ಗಿರಿಜಾಂಬಿಕಾ, ಬಾಗಿಲ ಹತ್ತಿರ ನಿಂತಿದ್ದ ಅವನ ಕಡೆಗೆ ಕತ್ತಲಲ್ಲಿ ತಿರುಗಿ ನೋಡಿದಳು. ಪರದೆಯಲ್ಲಿ ಯಾರೋ ಏಣಿ ಹತ್ತುತ್ತಿದ್ದರು. ಬೀಳುತ್ತಾನಾ ಎಂದು ಅವಳ ಕಣ್ಣು ಕೇಳಿತು. ಇಲ್ಲ ಎಂದು ಅವನು ತಲೆಯಾಡಿಸಿದ. ಆಮೇಲೆ ಏಣಿ ಇಲ್ಲದಿದ್ದಾಗಲೂ ಅವಳು ನಾಲ್ಕೈದು ಸಲ ತಿರುಗಿದಳು.

ದೀಪಾವಳಿಗೆ ಮದುವೆಮನೆಗೆ ಆನೆ ನುಗ್ಗುವ ಪಿಕ್ಚರ್ ತಂದ. ಸದಾಶಿವಯ್ಯ ಒಮ್ಮೆ ಜೋರಾಗಿಯೇ ನಕ್ಕರು. ಇಂಟರ್‌ವಲ್‌ನಲ್ಲಿ ಗಿರಿಜಾಂಬಿಕಾ ಸೋಡಾ ತೆಗೆದುಕೊಳ್ಳಲು ಬಂದಳು.

“ಎಲ್ಲಾ ಮೊದ್ಲೇ ನೋಡ್ಕಂಡು ತತ್ತೀರಂತೆ?”

“ಹೂಂ.”

“ಹಂಗಾದ್ರೆ ಮತ್ಯಾಕೆ ಬಾಗಿಲಲ್ಲಿ ನಿಂತು ನೋಡ್ತೀರಿ?”

“ನಾನು ಪಿಕ್ಚರ್ ನೋಡ್ತಿರ್ಲಿಲ್ಲ.”

ಅವಳ ತುಟಿಯ ಅಂಚಿನಲ್ಲಿ ನಗು ಬಂತು, ನಿಲ್ಲಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ವರ್ಷ ತುಂಬುತ್ತದೆ, ಆಮೇಲೆ ಕಿಬ್ಬನಹಳ್ಳಿಯ ಕೊಬ್ಬರಿ ವ್ಯಾಪಾರಿಗಳ ಮನೆಗೆ ತನ್ನನ್ನು ಕೊಡುವ ಮಾತಾಗಿದೆ ಎಂದಳು. ಅಪ್ಪನಿಗೆ ಎದುರು ಮಾತಾಡುವ ಶಕ್ತಿ ತನಗಿಲ್ಲ ಎಂದೂ ಹೇಳಿ, ಸೋಡಾ ಅಲ್ಲೇ ಬಿಟ್ಟು ಒಳಗೆ ಹೋದಳು.

ಅವತ್ತಿನಿಂದ ತೋಂಟದಾರ್ಯನ ಮನಸ್ಸಿನಲ್ಲಿ ಒಂದೇ ಆಸೆ: ಈ ವರ್ಷ ತುಂಬದಿರಲಿ. ದಿನ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಆಸೆಪಟ್ಟ.

ಸಂಕ್ರಾಂತಿಗೆ ಇಪ್ಪತ್ತು ದಿನವಿರುವಾಗ ಸದಾಶಿವಯ್ಯ ತೋಟದಲ್ಲಿ ಕುಸಿದುಬಿದ್ದರು, ಮತ್ತೆ ಏಳಲಿಲ್ಲ. ಮಣ್ಣು ಹಾಕುವಾಗ ತೋಂಟದಾರ್ಯ ಅವಳ ಮುಖ ನೋಡಲಾರದೆ ಹೋದ. ಇನ್ನೊಂದು ವರ್ಷ ಕಾಯಲಾಗದು ಎಂದು ಕಿಬ್ಬನಹಳ್ಳಿಯವರು ಶೆಟ್ಟಿಕೆರೆಯ ಹೆಣ್ಣನ್ನು ಗೊತ್ತು ಮಾಡಿಕೊಂಡ ಸುದ್ದಿ ಬಂತು. ಅವನು ಬಯಸಿದ್ದೇ ಆಗಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಂಕ್ರಾಂತಿಯ ದಿನ ಮಕ್ಕಳು ಎಳ್ಳು ಬೀರುತ್ತಾ ಓಡಾಡುತ್ತಿದ್ದರು. ಮ್ಯಾಟಿನಿ ಶುರುವಾಗುವ ಹೊತ್ತಿಗೆ ಗಿರಿಜಾಂಬಿಕಾ ಒಬ್ಬಳೇ ಬಂದು ನಿಂತಳು. ಮನೆಯಲ್ಲಿ ಕೂರಲಾಗುತ್ತಿಲ್ಲ, ಒಂದು ಟಿಕೆಟ್ ಕೊಡಿ ಎಂದಳು.

ಅವನು ಟಿಕೆಟ್ ಹರಿಯಲಿಲ್ಲ.

“ನನ್ ಕೈಲಿ ಕೊಡಕ್ಕಾಗಲ್ಲ ಗಿರಿಜಮ್ಮ. ನಿಮ್ಮನೇಲಿ ವರ್ಷ ತುಂಬಬಾರ್ದು ಅಂತ ನಾನು ಬಯಸಿದ್ದೆ. ನಿಮ್ಮಪ್ಪ ಹಿಂಗೆ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ.”

ಅವಳು ಟಿಕೆಟ್ ಕಿಟಕಿಯ ಸರಳು ಹಿಡಿದುಕೊಂಡಳು.

“ನಾನೂ ಅದನ್ನೇ ಬಯಸಿದ್ದೆ ಕಣ್ರೀ,” ಎಂದಳು. “ಅಪ್ಪನ ಪಕ್ಕದಲ್ಲೇ ಕೂತ್ಕಂಡು ಬಯಸಿದ್ದೆ. ಇದನ್ನ ಇನ್ಯಾರ ಹತ್ರ ಹೇಳ್ಕಳ್ಳಿ?”

ತೋಂಟದಾರ್ಯ ಟಿಕೆಟ್ ಪುಸ್ತಕವನ್ನು ಖಾಸಿಂ ಸಾಬ್‌ನ ಕೈಗಿತ್ತು ಹೊರಗೆ ಬಂದ. ಅವಳನ್ನು ಕರೆದುಕೊಂಡು ಹೋಗಿ ಕುರ್ಚಿಯ ಸಾಲಿನಲ್ಲಿ ಅವಳ ಪಕ್ಕದಲ್ಲೇ ಕುಳಿತ. ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡಿದರು. ಸಾವಾದ ತಿಂಗಳೊಳಗೆ ಇದೇನು ಎಂದು ಯಾರೋ ಗೊಣಗಿದರು. ಅಷ್ಟರಲ್ಲಿ ಪಿಕ್ಚರ್ ಶುರುವಾಗಿ ಟಾಕೀಸಿಗೆ ಟಾಕೀಸೇ ನಗತೊಡಗಿತು. ಅವರಿಬ್ಬರು ಕೈ ಕೈ ಹಿಡಿದುಕೊಂಡು ಅಳುತ್ತಿದ್ದರು.