ತಪ್ಪು ನಿಮ್ಮದೇ ಆಗಿರಲಿ!

"ಆ ಬ್ಯಾಡ್ಜ್ ಬಿಚ್ಚಿ ಕೊಡಿ. ಇವತ್ತಿಂದ ನೀವು ಎಕ್ಸ್‌ರೇ ಕೋಣೆಗೆ ಕಾಲಿಡೋ ಹಾಗಿಲ್ಲ!"

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ವಿಕಿರಣ ಸುರಕ್ಷತಾ ಅಧಿಕಾರಿ ಅವಳೊಂದಿಗೆ ಆಡಿದ ಮೊದಲ ಮಾತೇ ಇದು. ಎಂಟು ವರ್ಷದಿಂದ ಅಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾಕೆ ಸಾರ್? ನಾನೇನು ಮಾಡಿದೆ?"

"ಪ್ರಯೋಗಾಲಯಕ್ಕೆ ಹೋಗಿದ್ದ ನಿಮ್ಮ ಹಿಂದಿನ ಬ್ಯಾಡ್ಜ್‌ಗೆ ಮೂರೇ ತಿಂಗಳಲ್ಲಿ ಬಿದ್ದಿರೋ ವಿಕಿರಣ ಇಡೀ ವರ್ಷದ ಮಿತಿಯನ್ನ ದಾಟಿದೆ."

ಅವಳ ಕೈ ಎದೆಯ ಮೇಲಿನ ಬ್ಯಾಡ್ಜ್‌ನತ್ತ ಹೋಯಿತು. ಬೆಂಕಿಪೊಟ್ಟಣದಷ್ಟು ಪುಟ್ಟ ಬ್ಯಾಡ್ಜ್ ಅದು. ಕಣ್ಣಿಗೆ ಕಾಣದೆ ಮೈಗೆ ತಾಗುವ ವಿಕಿರಣವನ್ನು ಅಳೆಯುವುದೇ ಅದರ ಕೆಲಸ. ಹಾಗಾದರೆ ನನ್ನ ಮೈಗೆ...? ಮುಂದೆ ಮದುವೆ, ಮಕ್ಕಳು...?

ಅವಳನ್ನು ದಾಖಲೆ ಕೋಣೆಯಲ್ಲಿ ಕೂರಿಸಿದರು. ಅಮ್ಮನಿಗೆ ಏನೂ ಹೇಳದೆ, ತಂಗಿಗೆ ಮಾತ್ರ ಫೋನ್ ಮಾಡಿ ಅತ್ತಳು.

ಅಧಿಕಾರಿಯೋ, ದಿನಾ ಎರಡು ಲೋಟ ಚಹಾ ಹಿಡಿದು ಹಾಜರು! ಕೂತರೆ ಸಾಕು, ಪ್ರಶ್ನೆಗಳ ಸುರಿಮಳೆ.

"ಬ್ಯಾಡ್ಜ್ ಎಲ್ಲಾದ್ರೂ ಮರೆತದ್ದುಂಟಾ?"

"ಮರೆಯೋಕೆ ನಾನೇನು ನಿನ್ನೆ ಕೆಲಸಕ್ಕೆ ಸೇರಿದವಳಾ?"

ಅವನಿಗೆ 'ಮೀಟರ್ ಮಹಾಶಯ' ಎಂದು ಹೆಸರಿಟ್ಟಳು. ಆದರೂ ಹನ್ನೊಂದು ಗಂಟೆಯಾಗುತ್ತಲೇ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಹಾಳು ಮನಸ್ಸು, ಇವನಿಗೆ ಯಾಕೆ ಕಾಯುತ್ತೆ!

ಹತ್ತನೇ ದಿನ ಅವಳಿಗೆ ತಡೆಯಲಾಗಲಿಲ್ಲ.

"ಸಾಕು ಮಾಡಿ ಸಾರ್! ನನ್ನ ತಪ್ಪು ಹುಡುಕೋಕೇ ಬರ್ತೀರಾ ನೀವು?"

"ಹೌದು! ತಪ್ಪು ನಿಮ್ಮದೇ ಆಗಿರಲಿ ಅಂತ ದೇವರಲ್ಲಿ ಬೇಡ್ಕೊಳ್ತಿದ್ದೀನಿ!"

ಅವಳ ಕಣ್ಣು ತುಂಬಿಬಂತು. ಇಷ್ಟು ದಿನದ ಚಹಾ, ಆ ಮೆತ್ತನೆಯ ದನಿ... ಎಲ್ಲ ನನ್ನನ್ನು ಸಿಕ್ಕಿಸೋಕಾ? ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೊರಟುಹೋದಳು. ಎರಡು ದಿನ ಅವನ ಮುಖ ನೋಡಲಿಲ್ಲ.

ಮೂರನೇ ದಿನ ಅವನು ಏದುಸಿರು ಬಿಡುತ್ತಾ ಓಡಿಬಂದ. ಕೈಯಲ್ಲಿ ಪ್ರಯೋಗಾಲಯದ ವರದಿ.

"ತಪ್ಪು ನಿಮ್ಮದೇ ರೀ!" ಎಂದ. ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು.

"ಏನು ಹೇಳ್ತಿದ್ದೀರಿ?"

"ಬ್ಯಾಡ್ಜ್ ಒಳಗಿನ ಲೋಹದ ಬಿಲ್ಲೆಯ ನೆರಳು ಗೆರೆ ಕೊರೆದ ಹಾಗೆ ಬಿದ್ದಿದೆ. ಉಸಿರಾಡೋ, ಓಡಾಡೋ ಮನುಷ್ಯರ ಎದೆ ಮೇಲಿದ್ರೆ ಮಸುಕಾಗ್ತಿತ್ತು. ಅದು ಅಲ್ಲಾಡದೆ ಒಂದೇ ಕಡೆ ಇತ್ತು. ನೆನಪು ಮಾಡ್ಕೊಳ್ಳಿ!"

ಅವಳಿಗೆ ಥಟ್ಟನೆ ಹೊಳೆಯಿತು. ತಂಗಿಗೆ ಹೆರಿಗೆ ನೋವೆಂದು ಫೋನ್ ಬಂದ ಗಡಿಬಿಡಿಯಲ್ಲಿ, ವಿಕಿರಣ ತಡೆಯಲು ತೊಡುವ ಸೀಸದ ಏಪ್ರನ್ನನ್ನು ಯಂತ್ರದ ಎದುರಿನ ಗೋಡೆಗೆ ತಗುಲಿಸಿ ಎರಡು ವಾರ ರಜೆ ಹೋಗಿದ್ದಳು. ಬ್ಯಾಡ್ಜ್ ಅದರ ಮೇಲೆಯೇ ಇತ್ತು, ಎದುರಿನ ಯಂತ್ರ ದಿನವೂ ನಡೆಯುತ್ತಲೇ ಇತ್ತು!

"ಅಂದ್ರೆ... ನನಗೇನೂ ಆಗಿಲ್ವಾ?"

"ಏನೂ ಆಗಿಲ್ಲ. ಅದೆಲ್ಲ ಬಿದ್ದದ್ದು ಗೋಡೆಗೆ."

ಅವಳು ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ತನ್ನ ತಪ್ಪಾಗಿದ್ದರೆ ತನ್ನ ಜೀವ ಕ್ಷೇಮ. ಅವನು ಬೇಡಿಕೊಂಡದ್ದು ಅದನ್ನೇ!

"ಎಚ್ಚರಿಕೆ ಪತ್ರ ಬರೀಬೇಕಾಗುತ್ತೆ ನಿಮಗೆ," ಎಂದ ಮೆಲ್ಲಗೆ.

"ಬರೀರಿ. ಚೌಕಟ್ಟು ಹಾಕಿಸಿ ಇಟ್ಕೋತೀನಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ನಾಳೆ ನೀವು ನಿಮ್ಮ ಕೋಣೆಗೆ ವಾಪಸ್. ನನಗಿನ್ನು ಕೇಳೋಕೆ ಪ್ರಶ್ನೆಯಿಲ್ಲ... ಒಂದನ್ನ ಬಿಟ್ಟು."

ಅವಳ ಕೆನ್ನೆ ಕೆಂಪಾಯಿತು.

"ಅದನ್ನ ನಮ್ಮನೇಲಿ, ಅಮ್ಮನ ಮುಂದೆ ಕೇಳಿ."

"ಅವರು ಬೇಡ ಅಂದ್ರೆ?"

"ಅವರನ್ನ ನಾನು ಒಪ್ಪಿಸ್ತೀನಿ. ನೀವು ಬನ್ನಿ, ಸಾಕು."