ಅಜ್ಜಿಯ ಒಂಬತ್ತು ಚುಕ್ಕಿ

ಚಿಕ್ಕಮಗಳೂರಿನಲ್ಲಿ ಟ್ಯಾಟೂ ಹಾಕುವುದು ನನ್ನ ಕೆಲಸ. ಗೋಣಿಬೀಡಿನ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯ ಮುಂಗೈ ಹಚ್ಚೆಯನ್ನು, ಒಂಬತ್ತು ಚುಕ್ಕಿಯ ತೊಟ್ಟಿಲನ್ನು, ನೆನಪಿಗೆಂದು ಕಾಗದಕ್ಕಿಳಿಸಿ ನನ್ನ ಕೈಗೂ ಹಾಕಿಕೊಂಡೆ.

“ನಮ್ಮವ್ವ ಹಾಕ್ಸಿದ್ದು ಕಣೇ. ಚಿಕ್ಕ ಪ್ರಾಯದಲ್ಲೇ ಹೋಗ್ಬಿಟ್ಳು. ನಾನು ಸತ್ತು ಹೋದ್ಮೇಲೆ ಅಲ್ಲಿ ಅವಳು ಇದನ್ನ ನೋಡೇ ನನ್ನ ಗುರುತು ಹಿಡೀಬೇಕು,” ಎಂದಿದ್ದಳು ಅಜ್ಜಿ.

ಮೂರನೇ ದಿನ ಅಜ್ಜಿ ತೀರಿಕೊಂಡಳು. ಹೆಣಕ್ಕೆ ನೀರು ಹಾಕುತ್ತಿದ್ದ ಅತ್ತೆ ಚೊಂಬು ಕೆಳಗಿಟ್ಟಳು.

“ಭವ್ಯಾ, ಅವ್ವನ ಹಚ್ಚೆ ಎಲ್ಲೇ?”

ಮುಂಗೈ ಬರಿದಾಗಿತ್ತು. ನಾನು ಸೂಜಿ ಹಿಡಿದು ಕೂತೆ. ಶಾಯಿ ಒಳಗಿಳಿಯಲೇ ಇಲ್ಲ. ಹಾಗೇ ಮಣ್ಣು ಮಾಡಿದೆವು.

ಈಗ ಅಂಗಡಿಯಲ್ಲಿ ಒಬ್ಬಳೇ ಇದ್ದರೆ ತಣ್ಣನೆಯ ಬೆರಳೊಂದು ನನ್ನ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟುತ್ತದೆ. ಅಜ್ಜಿಯದಲ್ಲ, ಕಾಫಿ ಕುಯ್ದು ಅವಳ ಬೆರಳು ಒರಟಾಗಿತ್ತು. ಇದು ಎಳೆಯ ಹೆಂಗಸಿನ ಬೆರಳು. ಒಂಬತ್ತನೆಯದನ್ನು ಮುಟ್ಟಿ, ಮಗುವನ್ನು ಕರೆದೊಯ್ಯುವಂತೆ ಕೈಹಿಡಿದು ಮೆಲ್ಲಗೆ ಎಳೆಯುತ್ತದೆ.